ನಾನು ಎಸೆಯದ ಕೊಡ

ಮೈಸೂರು, ಹೊರಡುವ ಮೊದಲು

ಒಂದು ದಿನ ನಾನು ‘ಆಗೋಲ್ಲ’ ಅನ್ನಬೇಕಿತ್ತು. ಅನ್ನಲಿಲ್ಲ. ಅಮೆರಿಕಕ್ಕೆ ಹೋಗಿ ಬಂದವಳು ಅಲ್ಲಿಯ ಸಂಗತಿ ಬರೆದುಕೊಡಬೇಕೆಂದು ನಮ್ಮ ಮಹಿಳಾ ಸಮಾಜದವರು ಕೇಳಿದ್ದಾರೆ. ಎತ್ತರದ ಕಟ್ಟಡ, ಅಗಲವಾದ ರಸ್ತೆ ಎಲ್ಲ ನೋಡಿದ್ದೇನೆ. ಆದರೆ ಆ ಒಂದು ಮಾತನ್ನು ಮುಚ್ಚಿಟ್ಟು ಕಟ್ಟಡ ವರ್ಣಿಸಲು ಕುಳಿತರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

1968ರ ಬೇಸಿಗೆಯಲ್ಲಿ ಶಿಕಾಗೊದಿಂದ ನನ್ನ ತಂಗಿ ವಿಮಲಳ ಕಾಗದ ಬಂತು. ಓದಲು ಹೋಗಿದ್ದವಳು ಅಲ್ಲಿ ಲಿಯೋ ಎಂಬ ಯಹೂದಿ ಲೇಖಕನನ್ನು ಮದುವೆಯಾಗಿದ್ದಳು. ಅಪ್ಪ ಕಾಗದವನ್ನು ಎರಡು ಸಲ ಓದಿ, ಮಡಿಸಿ, ‘ವಿಮಲ ಹೋದಳು. ಎಲ್ಲರೂ ಸ್ನಾನ ಮಾಡಿ’ ಅಂದರು. ದೂರದಲ್ಲಿ ಹತ್ತಿರದವರು ಸತ್ತ ಸುದ್ದಿ ಬಂದಾಗ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತೇವಲ್ಲ, ಆ ಸ್ನಾನ. ಅಪ್ಪ, ಚಿಕ್ಕಪ್ಪ, ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು ಹಿತ್ತಿಲ ಬಾವಿಯ ಪಕ್ಕದಲ್ಲಿ ಸಾಲಾಗಿ ನಿಂತರು. ನೀರು ಸೇದಿಕೊಟ್ಟವಳು ನಾನು. ಒಬ್ಬೊಬ್ಬರಿಗೆ ಮೂರು ಕೊಡ. ಕೊನೆಗೆ ನನ್ನ ತಲೆಗೂ ಮೂರು. ರಾಟೆ ಕಿರುಗುಟ್ಟಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಈ ಬರಹ ಓದುವ ನಿಮ್ಮಲ್ಲಿ ಕೆಲವರಿಗೂ ಕೇಳಿಸಿರಬಹುದು.

ವಿಮಲ ಹನ್ನೊಂದು ತಿಂಗಳ ಕೂಸಾಗಿದ್ದಾಗ ಅಮ್ಮ ತೀರಿಕೊಂಡಳು. ನನಗೆ ಹತ್ತು ವರ್ಷ. ನಾಲ್ಕನೆಯ ಕ್ಲಾಸಿಗೇ ಸ್ಕೂಲು ಬಿಟ್ಟು ಅವಳನ್ನು ಎತ್ತಿಕೊಂಡೆ. ನಡುವೆ ನನಗೂ ಒಂದು ಮದುವೆಯಾಯಿತು. ಮೂರು ವರ್ಷಕ್ಕೆ ಗಂಡ ಹೋದರು, ನಾನು ಅಪ್ಪನ ಮನೆಗೆ ವಾಪಸ್ಸಾದೆ. ವಿಮಲಳ ಪಾಠದ ಪುಸ್ತಕಗಳನ್ನು ಅವಳು ಮಲಗಿದ ಮೇಲೆ ಓದಿ ಓದಿ ಇಷ್ಟು ಬರೆಯುವುದನ್ನು ಕಲಿತೆ. ಅಂದರೆ ಈ ವಾಕ್ಯಗಳೂ ಅವಳ ಋಣ. ಅವಳ ಹೆಸರಿಗೆ ನೀರು ಸೇದುವಾಗ ಆ ಋಣ ನೆನಪಾಗಲಿಲ್ಲ.

‘ನಾವೆಲ್ಲ ಸ್ನಾನ ಮಾಡಿದ್ದೇವೆ’ ಎಂದು ಅಪ್ಪ ಅವಳಿಗೆ ಒಂದೇ ಸಾಲು ಬರೆದರು. ನಾಲ್ಕು ವರ್ಷದ ನಂತರ ಅವರು ತೀರಿಕೊಂಡಾಗ ನಾನು ಮೊದಲ ಸಲ ಅವಳಿಗೆ ಕಾಗದ ಹಾಕಿದೆ. ‘ಆ ದಿನ ನಾನು ತುಂಬ ಅತ್ತೆ’ ಎಂದು ಬರೆದೆ. ಅದು ನಿಜ. ಅಳುತ್ತ ಅಳುತ್ತ ಸೇದಿದೆ ಎಂಬ ಉಳಿದರ್ಧ ಬರೆಯಲಿಲ್ಲ. ಅವಳಿಂದ ಉತ್ತರ ಬಂತು, ಆಮೇಲೆ ಟಿಕೆಟ್ ಬಂತು. 1974ರ ಶರತ್ಕಾಲದಲ್ಲಿ ಹೊರಟೆ.

ಶಿಕಾಗೊ

ವಿಮಾನ ನಿಲ್ದಾಣದಲ್ಲಿ ವಿಮಲ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳ ಹಿಂದೆ ಕುಳ್ಳಗಿನ, ತಲೆ ಬೋಳಾದ ಒಬ್ಬಾತ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ. ನಮಸ್ಕಾರ ಮಾಡಲು ಹೋಗಿ ಟೋಪಿಯನ್ನು ಎರಡು ಅಂಗೈಗಳ ನಡುವೆ ಅಪ್ಪಚ್ಚಿ ಮಾಡಿದ. ‘ಅಕ್ಕ, ಊಟ ಆಯ್ತಾ?’ ಅಂದ. ಅದೊಂದೇ ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದನಂತೆ. ಅವನನ್ನು ದ್ವೇಷಿಸಬೇಕೆಂದು ವಿಮಾನದಲ್ಲಿ ಒಂದು ಹಗಲು ಒಂದು ರಾತ್ರಿ ತಯಾರಾಗಿದ್ದೆ. ಊಟ ಆಯ್ತಾ ಎಂದು ಕೇಳುವವನನ್ನು ಹೇಗೆ ದ್ವೇಷಿಸುವುದು? ಅದಕ್ಕೂ ಸಿಟ್ಟು ಬಂತು.

ಅವರ ಮನೆ ಮೂರನೆಯ ಮಹಡಿಯಲ್ಲಿ. ಅಲ್ಲಿಯ ರೈಲು ನೆಲದ ಮೇಲೆ ಓಡುವುದಿಲ್ಲ, ಕಬ್ಬಿಣದ ಕಂಬಗಳ ಮೇಲೆ, ನಮ್ಮ ಕಿಟಕಿಯ ಮಟ್ಟದಲ್ಲೇ ಓಡುತ್ತದೆ. ರೈಲು ಬಂದಾಗಲೆಲ್ಲ ಎಲ್ಲರೂ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ. ಲಿಯೋ ಮಾತ್ರ ಟೈಪ್ ಮಾಡುವುದನ್ನು ನಿಲ್ಲಿಸುತ್ತಿರಲಿಲ್ಲ. ಎರಡೇ ಬೆರಳಿನಲ್ಲಿ ಟಕಟಕ ಕುಟ್ಟುತ್ತಾನೆ. ವಿಮಲ ಅದನ್ನು ತಿದ್ದಿ ಮತ್ತೆ ಚೆನ್ನಾಗಿ ಟೈಪ್ ಮಾಡುತ್ತಾಳೆ. ಅವರ ಮದುವೆಗೆ ಮೊದಲು ಶುರುವಾದ ಕೆಲಸ ಅದು.

ಮೊದಲ ದಿನವೇ ಅನಾಹುತ ಮಾಡಿದೆ. ಅಲ್ಲಿ ಸ್ನಾನಕ್ಕೆ ಬಕೆಟ್ಟಿಲ್ಲ, ಚೊಂಬಿಲ್ಲ. ಬಿಳಿ ತೊಟ್ಟಿಯೊಳಗೆ ನಿಂತು ನಲ್ಲಿ ತಿರುಗಿಸಿದರೆ ನೀರು ನೇರ ನೆತ್ತಿಯ ಮೇಲೆ ಬೀಳುತ್ತದೆ. ಮೈಗೆ ಮಾತ್ರ ಹಾಕಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಸೀರೆ ಉಟ್ಟೇ ನಿಂತಿದ್ದೆ. ತಲೆಯ ಮೇಲೆ ತಣ್ಣೀರು ಬಿದ್ದದ್ದೇ ತಡ, ಹಿತ್ತಿಲ ಬಾವಿ ಕಣ್ಣಿಗೆ ಬಂತು. ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿದು, ನೀರು ಸಿಡಿಯದಂತೆ ತೊಟ್ಟಿಗೆ ಇಳಿಬಿಟ್ಟಿದ್ದ ಪರದೆಯನ್ನು ಹೊರಕ್ಕೆ ತಳ್ಳಿದೆ. ನೀರೆಲ್ಲ ನೆಲಕ್ಕೆ ಹರಿದು ಕೆಳಗಿನ ಮಹಡಿಗೆ ಇಳಿಯಿತು. ಕೆಳಗಿನ ಮನೆಯ ಮುದುಕಿ ತಲೆಗೆ ಟವೆಲು ಸುತ್ತಿಕೊಂಡು ಮೇಲಕ್ಕೆ ಬಂದು ಕಿರುಚಿದಳು.

ಲಿಯೋ ಬಾಗಿಲಲ್ಲಿ ನಿಂತು, ‘ಸಾರಿ, ಸಾರಿ, ನಂದೇ ತಪ್ಪು’ ಅಂದ. ಹಾಗೆ ಸುಲಭವಾಗಿ ಅಂದುಬಿಟ್ಟ.

ಆ ದೇಶದಲ್ಲಿ ಮೊಣಕೈ ತಾಗಿದರೆ ಸಾರಿ, ಸೀನಿದರೆ ಸಾರಿ, ನಾವು ಅವರ ಕಾಲು ತುಳಿದರೂ ಅವರೇ ಸಾರಿ. ಮೊದಮೊದಲು ನಗು ಬಂತು. ಆಮೇಲೆ ಯೋಚಿಸಿದೆ, ನಮ್ಮ ಮನೆಯಲ್ಲಿ ಯಾರಾದರೂ ಯಾರಿಗಾದರೂ ತಪ್ಪಾಯಿತು ಎಂದದ್ದು ನಾನು ಕೇಳಿದ್ದೇನೆಯೇ? ಚಿಕ್ಕವರು ಕಾಲಿಗೆ ಬೀಳುತ್ತಾರೆ. ದೊಡ್ಡವರು ಮಾರನೆಯ ದಿನ ಪಾಯಸ ಮಾಡಿಸುತ್ತಾರೆ. ಮುಗಿಯಿತು. ದೊಡ್ಡವರು ಬಾಗಿದರೆ ಚಿಕ್ಕವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ದೊಡ್ಡವರಿಗೆ ಎಷ್ಟು ಅನುಕೂಲವಾದ ನಂಬಿಕೆ!

ಶಿಕಾಗೊ, ಮೂರನೆಯ ದಿನ

ಲಿಯೋನ ಹೊಸ ಕಾದಂಬರಿ ಆಗಷ್ಟೇ ಬಂದಿತ್ತು. ಸಂಜೆ ಹತ್ತಾರು ಸ್ನೇಹಿತರು ಮನೆಗೆ ಬಂದರು. ಹಸಿರು ಟೋಪಿಯ ಒಬ್ಬ ಹೆಂಗಸು ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಲೋಟವನ್ನು ಪಕ್ಕಕ್ಕಿಟ್ಟು ಬಂದು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

‘ಏನೇ ಇದು?’ ಎಂದು ವಿಮಲಳನ್ನು ಕೇಳಿದೆ.

‘ಪುಸ್ತಕ ಓದಿದಾರೆ ಅಕ್ಕ. ಅದರಲ್ಲಿ ನೀನಿದೀಯ.’

‘ನಾನಾ?’

‘ನೀನೇ. ಬಾ ಇಲ್ಲಿ, ಓದಿ ಹೇಳ್ತೀನಿ.’

ಸೋಫಾದ ಮೇಲೆ ಕೂರಿಸಿಕೊಂಡು ಇಂಗ್ಲಿಷ್ ಪುಟವನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಕಥೆಯಲ್ಲಿ ಇಬ್ಬರು ಅಪ್ಪಂದಿರು. ಒಬ್ಬ ಡೆಟ್ರಾಯಿಟ್‌ನ ಯಹೂದಿ ದರ್ಜಿ, ಇನ್ನೊಬ್ಬ ಮೈಸೂರಿನ ಬ್ರಾಹ್ಮಣ. ಇಬ್ಬರೂ ಬದುಕಿರುವ ಮಕ್ಕಳಿಗೆ ಸೂತಕ ಹಿಡಿಯುತ್ತಾರೆ. ದರ್ಜಿಯ ಮಗಳು ಅಪ್ಪನ ಪಕ್ಕದಲ್ಲೇ ಸೂತಕ ಕೂರುತ್ತಾಳೆ. ಮೈಸೂರಿನ ಹಿತ್ತಿಲಲ್ಲಿ ಗಂಡಸರು ಬಾವಿಯ ಸುತ್ತ ನಿಂತಿದ್ದಾರೆ. ಅಕ್ಕ ಕೊಡ ಎತ್ತುತ್ತಾಳೆ. ಎಲ್ಲರೂ ನೋಡುತ್ತಿರುವಂತೆ ಅದನ್ನು ಬಾವಿಯ ಕಲ್ಲಿಗೆ ಅಪ್ಪಳಿಸುತ್ತಾಳೆ. ಕೊಡ ಚೂರಾಗುತ್ತದೆ. ‘ನನ್ನ ತಂಗಿ ಬದುಕಿದ್ದಾಳೆ’ ಎಂದು ಹೇಳಿ ಒಳಗೆ ಹೋಗುತ್ತಾಳೆ.

ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

‘ಇದನ್ನ ಯಾರು ಹೇಳಿದ್ರು ಅವನಿಗೆ?’

‘ನಾನೇ. ತುಂಬ ಅತ್ತೆ ಅಂತ ಬರೆದಿದ್ಯಲ್ಲ, ಓದಿದ ತಕ್ಷಣ ಗೊತ್ತಾಯ್ತು. ನೀನು ನೀರು ಸೇದಿರಲ್ಲ. ನೀನಾ ಸೇದೋಳು? ನನ್ನ ಎತ್ತಿ ಆಡಿಸಿದ ಕೈ ಅದು.’

ಹೇಳುವುದಕ್ಕೆ ಅದೇ ಸಮಯ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಬಂದದ್ದು ಇಷ್ಟು: ‘ನಮ್ಮನೇ ಕೊಡ ತಾಮ್ರದ್ದು. ಎಸೆದ್ರೂ ಒಡೆಯಲ್ಲ.’

ವಿಮಲ ಹೊಟ್ಟೆ ಹಿಡಿದು ನಕ್ಕಳು. ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು. ‘ನಾನೂ ಇದನ್ನೇ ಹೇಳಿದ್ದೆ ಅಕ್ಕ. ತಾಮ್ರ ಬರೀ ಠಣ್ ಅನ್ನುತ್ತೆ, ನನಗೆ ಒಡೆಯೋ ಕೊಡ ಬೇಕು ಅಂದ ಇವನು.’

ಕೊಡದ ಲೋಹವನ್ನು ತಿದ್ದಿದೆ, ನಾನು ಮಾಡಿದ್ದನ್ನು ತಿದ್ದಲಿಲ್ಲ. ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಆ ಸಂಜೆ ಬಂದವರೆಲ್ಲ ನನ್ನ ಕೈ ಕುಲುಕಿದರು, ಅದು ನನಗೆ ಹಿತವಾಗಿತ್ತು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ನಾನು ಕೊಡ ಎಸೆದ ಅಕ್ಕನಾಗಿಯೇ ಕಾಫಿ ಕುಡಿದೆ, ಅವಳಾಗಿಯೇ ಸರೋವರದ ದಡದಲ್ಲಿ ತಿರುಗಾಡಿದೆ.

ಡೆಟ್ರಾಯಿಟ್ ದಾರಿ

ಲಿಯೋ ಹುಟ್ಟಿ ಬೆಳೆದ ಊರು ಡೆಟ್ರಾಯಿಟ್. ಅಲ್ಲಿ ಅವನ ಸಮುದಾಯದವರೇ ಒಂದು ಸಭೆ ಇಟ್ಟುಕೊಂಡು ಪುಸ್ತಕ ಓದಲು ಕರೆದಿದ್ದರು. ಕಾರಿನಲ್ಲಿ ಹೊರಟೆವು. ಸುಮಾರು ಮುನ್ನೂರು ಮೈಲಿ. ಲಿಯೋಗೆ ಎಡಗಿವಿ ಕೇಳಿಸುವುದಿಲ್ಲ. ಒಂದು ಬೀದಿ ಗಲಾಟೆಯ ವರದಿಗೆ ಹೋದಾಗ ಯಾರದೋ ಏಟು ಬಿತ್ತಂತೆ. ಕಾರು ಓಡಿಸುವಾಗ ಅವನಿಗೆ ಅದರಿಂದ ತೊಂದರೆಯಿಲ್ಲ, ಅಲ್ಲಿ ಚಾಲಕನ ಸೀಟು ಎಡಗಡೆ. ಕೇಳುವ ಕಿವಿ ನಮ್ಮ ಕಡೆಗಿರುತ್ತದೆ.

ದಾರಿಯುದ್ದಕ್ಕೂ ಅವನು ತನ್ನ ಕಥೆ ಹೇಳಿದ, ವಿಮಲ ಕನ್ನಡ ಮಾಡಿದಳು. ಅಪ್ಪನ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಬೆಳೆದ. ಹತ್ತೊಂಬತ್ತಕ್ಕೆ ಪತ್ರಿಕೆ ಸೇರಿದ. ಮೊದಲ ಕೆಲಸ ಸತ್ತವರ ಸುದ್ದಿ ಬರೆಯುವುದು. ಮನೆಗಳಿಗೆ ಫೋನ್ ಮಾಡಿ, ಹೋದವರು ಎಂಥವರಾಗಿದ್ದರು ಎಂದು ಕೇಳುವುದು. ಆಮೇಲೆ ಕಾರು ಕಾರ್ಖಾನೆಗಳ ಮುಷ್ಕರಗಳ ಬಗ್ಗೆ ಬರೆದ. ಮೊದಲ ಕಾದಂಬರಿ ಬಂದಾಗ ಅವನ ಜನವೇ ತಿರುಗಿಬಿದ್ದರು. ತಮ್ಮವನೇ ಆದ ಒಬ್ಬ ಮನೆ ಮಾಲೀಕ ಬಡ ಬಾಡಿಗೆದಾರರನ್ನು ಚಳಿಗಾಲದಲ್ಲಿ ಹೊರಹಾಕುವ ಕಥೆ ಅದು. ಹೊರಗಿನವರು ಮೊದಲೇ ನಮ್ಮನ್ನು ಬೈಯುತ್ತಾರೆ, ಒಳಗಿನವನಾದ ನಿನ್ನ ಮಗನೂ ಬೈದರೆ ಹೇಗೆ ಎಂದು ಹಿರಿಯರು ಅಂಗಡಿಗೆ ಬಂದು ಅವನ ಅಪ್ಪನಿಗೆ ಹೇಳಿದರಂತೆ. ಗಿರಾಕಿಗಳು ಕಡಿಮೆಯಾದರು. ಲಿಯೋ ಶಿಕಾಗೊಗೆ ಹೋದ. ಅಲ್ಲಿ ವಾರಕ್ಕೆ ಮೂರು ಅಂಕಣ, ಎರಡನೆಯ ಕಾದಂಬರಿ, ಅದನ್ನು ಟೈಪ್ ಮಾಡಲು ಬಂದ ವಿಮಲ.

‘ಮದುವೆ ಸುದ್ದಿ ತಿಳಿದ ಮೇಲೆ ಇವನಪ್ಪ ಏಳು ದಿನ ಸೂತಕ ಕೂತ್ರು’ ಎಂದಳು ವಿಮಲ. ‘ಕನ್ನಡಿ ಮುಚ್ಚಿ, ಗಿಡ್ಡ ಪೆಟ್ಟಿಗೆ ಮೇಲೆ ಕೂತು. ನಮ್ಮ ಹಾಗೇ.’

ಲಿಯೋ ಏನೋ ಹೇಳಿ ನಕ್ಕ. ವಿಮಲ ನಗದೆ ಅದನ್ನು ನನಗೆ ಹೇಳಿದಳು: ‘ಸತ್ತವರ ಸುದ್ದಿ ಬರೆಯೋ ಕೆಲಸದಿಂದ ಶುರು ಮಾಡ್ದೆ, ಆಮೇಲೆ ನಾನೇ ಸತ್ತೆ, ಆದ್ರೂ ಬರೆಯೋದು ನಿಲ್ಲಿಸಲಿಲ್ಲ ಅಂತಾನೆ.’

ಅವನ ಅಪ್ಪ ಕೊನೆಯವರೆಗೂ ಮಾತಾಡಲಿಲ್ಲವಂತೆ. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಕೆಂಪಗೆ, ಹಳದಿಯಾಗಿ ಎಲೆ ಉದುರಿಸುತ್ತಿದ್ದ ಮರಗಳು. ಚೆಂದವೇ ಇತ್ತು. ನೋಡುವ ಮನಸ್ಸಿರಲಿಲ್ಲ.

ಟ್ರಾಯ್

ಡೆಟ್ರಾಯಿಟ್‌ಗೆ ಮೊದಲು ಟ್ರಾಯ್ ಎಂಬಲ್ಲಿ ನಮ್ಮ ಬೀದಿಯ ರಂಗನಾಥನ ಮನೆಯಲ್ಲಿ ಊಟಕ್ಕೆ ಇಳಿದೆವು. ಮೈಸೂರಿನಲ್ಲಿ ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದೇ ಗೋಡೆ. ಈಗ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಹೆಂಡತಿ ಶಾಂತಾ ಹುಳಿ, ಬೀನ್ಸ್ ಪಲ್ಯ, ಮೊಸರನ್ನ ಮಾಡಿದ್ದಳು. ಆ ವಾಸನೆಗೆ ನನ್ನ ಕಣ್ಣು ತುಂಬಿತು.

ಎಲ್ಲರಿಗೂ ಸ್ಟೀಲ್ ತಟ್ಟೆ. ಲಿಯೋಗೆ ಮಾತ್ರ ಕಾಗದದ ತಟ್ಟೆ.

‘ಅವ್ರಿಗೆ ಸ್ಟೀಲ್ ತಟ್ಟೆ ಅಭ್ಯಾಸ ಇರಲ್ವಲ್ಲ’ ಎಂದಳು ಶಾಂತಾ, ನನ್ನ ಮುಖ ನೋಡದೆ. ‘ನಾವು ಅದೆಲ್ಲ ನೋಡಲ್ಲಪ್ಪ ಇಲ್ಲಿ.’

ಕಾಗದ ನೆನೆದು ಹಿಟ್ಟಾಯಿತು, ಹುಳಿ ಲಿಯೋನ ಪ್ಯಾಂಟಿನ ಮೇಲೆ ಸೋರಿತು. ‘ಅಯ್ಯೋ, ಸಾರಿ, ಸಾರಿ’ ಎಂದು ಶಾಂತಾ ಓಡಿದಳು. ಅವಳ ಆರು ವರ್ಷದ ಮಗಳು ಚಮಚ ಹಿಡಿದುಕೊಂಡೇ, ‘ಮಾಮ್, ವೈ ಓನ್ಲಿ ಹಿಮ್?’ ಅಂದಳು. ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು. ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಕೊಡಬಹುದಿತ್ತು, ನನ್ನ ಸ್ಟೀಲ್ ತಟ್ಟೆಯನ್ನು ಅವನ ಕಡೆ ತಳ್ಳಿದ್ದರೂ ಸಾಕಿತ್ತು. ಹುಳಿ ಚೆನ್ನಾಗಿದೆ ಎಂದೆ.

ರಂಗನಾಥ ಮಜ್ಜಿಗೆ ಕುಡಿಯುತ್ತ ನಕ್ಕ. ‘ಕಾದಂಬರಿ ಓದಿದೆ ಪದ್ಮಕ್ಕ. ಒಂದು ಮಾತು ಕೇಳ್ಲಾ? ಅವತ್ತು ಬೆಳಿಗ್ಗೆಯೆಲ್ಲಾ ನಿಮ್ಮ ರಾಟೆ ಸದ್ದು ಕೇಳಿಸ್ತಾನೇ ಇತ್ತು ಅಂತ ನಮ್ಮಮ್ಮ ಬರೆದಿದ್ರು. ಕೊಡ ಬಿದ್ದ ಸದ್ದು ಮಾತ್ರ ಬರೆದಿರ್ಲಿಲ್ಲ.’

ನಾನು ತಲೆ ಬಗ್ಗಿಸಿ ಅನ್ನ ಕಲಸುತ್ತಲೇ ಇದ್ದೆ.

‘ರಂಗಣ್ಣ, ಸಾಕು ಮಾಡಿ’ ಎಂದಳು ವಿಮಲ. ‘ನಮ್ಮಪ್ಪನ್ನ ಏನು ಬೇಕಾದ್ರೂ ಅನ್ನಿ. ನಮ್ಮಕ್ಕನ ಬಗ್ಗೆ ಒಂದು ಮಾತು ಆಡ್ಬೇಡಿ.’

ಕಾರಿಗೆ ಬಂದ ಮೇಲೆ ಲಿಯೋ ಪ್ಯಾಂಟಿನ ಹಳದಿ ಕಲೆ ಒರೆಸುತ್ತ ಹೇಳಿದ್ದನ್ನು ವಿಮಲ ಹೇಳಿದಳು. ‘ಅವನಮ್ಮನ ಅಡಿಗೆಮನೇಲೂ ಹೊರಗಿನವರಿಗೆ ಬೇರೆ ತಟ್ಟೆ ಇತ್ತಂತೆ. ಕಾಗದದ ತಟ್ಟೆ ನೋಡಿ ಮನೆಗೆ ಬಂದ ಹಾಗೇ ಆಯ್ತು ಅಂತಾನೆ.’ ಅವನಿಗೆ ತಮಾಷೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ರಂಗನಾಥನ ಮೇಲೆ, ಅವನು ಹೇಳಿದ್ದು ನಿಜ ಎಂಬುದರ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ನನ್ನ ಭುಜಕ್ಕೆ ಒರಗಿ ಕುಳಿತ ಈ ಹುಡುಗಿಯ ಮೇಲೆ. ಇಷ್ಟೊಂದು ನಂಬು ಎಂದು ಇವಳಿಗೆ ಯಾರು ಹೇಳಿದರು?

ಡೆಟ್ರಾಯಿಟ್, ಎಸ್ತರಳ ಮನೆ

ಎಸ್ತರ್ ಲಿಯೋನ ಅಕ್ಕ. ಎತ್ತರದ ಹೆಂಗಸು, ಕನ್ನಡಕಕ್ಕೆ ಸರಪಳಿ. ಅಪ್ಪನ ಕಾಲಾನಂತರ ತಮ್ಮನನ್ನು ಮನೆಗೆ ಸೇರಿಸಿದ್ದಳು. ಅವಳ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯಲು ಎರಡು ತೊಟ್ಟಿಗಳಿದ್ದವು. ಹಾಲಿನದಕ್ಕೆ ಒಂದು, ಮಾಂಸದ್ದಕ್ಕೆ ಒಂದು, ಒಂದರದು ಇನ್ನೊಂದಕ್ಕೆ ತಾಗಬಾರದು. ನಮ್ಮ ಮಡಿಯ ಅಡಿಗೆಮನೆಗಿಂತ ಕಟ್ಟುನಿಟ್ಟು. ಮೇಜಿನ ಸುತ್ತ ನಾವು ನಾಲ್ವರು ಕುಳಿತೆವು. ಗೋಡೆಯಲ್ಲಿ ದೊಡ್ಡ ಕನ್ನಡಿಯಿತ್ತು.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಏನೋ ಅಂದಳು. ವಿಮಲ ತಡವರಿಸಿದಳು.

‘ಏನಂದ್ರು ಹೇಳೇ.’

‘ಇವಳೇನಾ ಆ ದೇವತೆ ಅಂತಾರೆ.’

ಎಸ್ತರ್ ಮಾತಾಡುತ್ತ ಹೋದಳು, ವಿಮಲ ತಗ್ಗಿದ ದನಿಯಲ್ಲಿ ಹೇಳುತ್ತ ಹೋದಳು. ‘ಈ ಕನ್ನಡಿಗೆ ಬಟ್ಟೆ ಮುಚ್ಚಿದ್ದು ನಾನು. ಅಪ್ಪನಿಗೆ ಸೂತಕದ ಮೊದಲ ಊಟಕ್ಕೆ ಮೊಟ್ಟೆ ಬೇಯಿಸಿಟ್ಟಿದ್ದು ನಾನು. ಏಳು ದಿನ ಪಕ್ಕದಲ್ಲಿ ಕೂತೆ. ಇವನು ನನ್ನ ಬಗ್ಗೆ ಬರೆದಿದ್ದು ಅಕ್ಷರಕ್ಷರ ನಿಜ. ಇಂಡಿಯಾದ ಓದದೇ ಇರೋ ಹೆಂಗಸಿಗೆ ಇದ್ದ ಧೈರ್ಯ ನಿನಗೆ ಯಾಕಿರ್ಲಿಲ್ಲ ಅಂತ ನನ್ನ ಮಗಳೇ ಕೇಳಿದ್ಲು. ಪುಸ್ತಕ ಓದಿದಾಗಿನಿಂದ ಅವಳು ನನ್ನ ಹತ್ರ ಮಾತಾಡ್ತಿಲ್ಲ. ನಾಳೆ ಆ ಸಭೆಗೆ ನಾನು ಬರಲ್ಲ.’

‘ಅದು ಕಾದಂಬರಿ, ಎಸ್ತರ್’ ಎಂದ ಲಿಯೋ.

‘ಹಾಗಾದ್ರೆ ನನಗೂ ಒಂದು ಕೊಡ ಕೊಡಬೇಕಿತ್ತು.’

ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಎಸ್ತರ್ ಮಾಡಿದ್ದನ್ನು ಮಾಡಿದೆ ಎಂದು ಒಪ್ಪಿಕೊಂಡು ಮಗಳನ್ನು ಕಳೆದುಕೊಂಡಿದ್ದಳು. ಅದನ್ನೇ ಮಾಡಿದ ನಾನು ಕೈ ಕುಲುಕಿಸಿಕೊಂಡು ಬಂದಿದ್ದೆ.

‘ವಿಮಲಾ’ ಎಂದೆ. ‘ನಾನು ಹೇಳೋದನ್ನ ಅವರಿಗೆ ಹೇಳು. ಒಂದಕ್ಷರ ಬಿಡಬೇಡ. ನಾನು ಕೊಡ ಎಸೀಲಿಲ್ಲ.’

ಅವಳು ಇಂಗ್ಲಿಷಿನಲ್ಲಿ ಶುರುಮಾಡಿ ಅರ್ಧಕ್ಕೆ ನಿಂತಳು. ‘ಏನಂದೆ?’

‘ನೀರು ಸೇದಿದೆ. ಅಪ್ಪನಿಗೆ ಮೂರು ಕೊಡ, ಚಿಕ್ಕಪ್ಪನಿಗೆ ಮೂರು, ಅವರ ಮಕ್ಕಳಿಗೆ ಮೂರು ಮೂರು. ಆಮೇಲೆ ನಾನೂ ಹಾಕ್ಕೊಂಡೆ. ಯಾರೂ ನನ್ನ ಹೊಡೀಲಿಲ್ಲ, ಹೆದರಿಸಲಿಲ್ಲ. ಆಗೋಲ್ಲ ಅನ್ನಬಹುದಿತ್ತು. ರಂಗನಾಥ ಹೇಳಿದ್ದೇ ನಿಜ.’

‘ವಾಟ್ ಡಿಡ್ ಶೀ ಸೇ?’ ಎಂದಳು ಎಸ್ತರ್. ಮತ್ತೊಮ್ಮೆ ಕೇಳಿದಳು. ಲಿಯೋ ವಿಮಲಳ ಕಡೆಗೆ ತನ್ನ ಕೇಳುವ ಕಿವಿ ತಿರುಗಿಸಿದ್ದ. ವಿಮಲ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ನೋಡುತ್ತ ಎಲ್ಲವನ್ನೂ ಹೇಳಿದಳು, ಬೇರೆ ಯಾರದೋ ಕಾಗದ ಓದುವವಳ ಹಾಗೆ. ಎಸ್ತರ್ ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟಳು.

‘ನನ್ನ ಹೆಸರು ಹೇಳಿದ್ರಾ, ನೀರು ಹಾಕ್ಕೊಳ್ಳುವಾಗ?’ ವಿಮಲ ಕೇಳಿದಳು.

‘ಹೇಳಿದ್ರು.’

‘ನೀನು?’

‘ನಾನೂ ಹೇಳಿದೆ.’

‘ಅಪ್ಪ ಹೋಗಲಿ, ಚಿಕ್ಕಪ್ಪ ಹೋಗಲಿ, ಅಕ್ಕ ಇದಾಳಲ್ಲ ಅಂತ ಬದುಕಿದೆ ನಾನು’ ಎಂದಳು. ಕೂಗಿಯೇ ಹೇಳಿದಳು. ‘ಅದೊಂದನ್ನೇ ಹಿಡ್ಕೊಂಡು ಇದ್ದೆ. ಇವನು ಅದನ್ನ ಬರೆದ, ನಾನು ಕೂತು ಟೈಪ್ ಮಾಡಿದೆ. ಮೂರು ಸಲ ಟೈಪ್ ಮಾಡಿದೆ ಆ ಪುಟಾನ. ನೀನು ಬಂದು ವಾರ ಆಯ್ತು, ಕೊಡ ತಾಮ್ರದ್ದು ಅಂತ ಮಾತ್ರ ಹೇಳಿದೆಯಲ್ಲ!’

ಎದ್ದು ಅವಳ ಮುಂದೆ ನಿಂತೆ. ಅಭ್ಯಾಸ ಬಿಡುವುದಿಲ್ಲ, ಇವಳಿಗೆ ನಾನು ಕೈಮುಗಿಯಬಾರದು, ಇವಳ ಆಯಸ್ಸಿಗೆ ಕೆಡುಕು ಎಂದು ಆಗಲೂ ಮನಸ್ಸಿಗೆ ಬಂತು. ಅವಳು ಬದುಕಿದ್ದಾಗಲೇ ಸಾವಿನ ಸ್ನಾನ ಮಾಡಿದವಳು ಇನ್ಯಾವ ಆಯಸ್ಸನ್ನು ಕಾಯುವುದು? ಎರಡೂ ಕೈ ಜೋಡಿಸಿದೆ. ಅದು ನನ್ನ ಬಾಯಿಗೆ ಹೊಸ ಮಾತು. ಹೊರಡುವುದಕ್ಕೆ ಹೊತ್ತು ಹಿಡಿಯಿತು.

‘ತಪ್ಪಾಯ್ತು ವಿಮಲಾ’ ಎಂದೆ. ‘ನಂದು ತಪ್ಪಾಯ್ತು ಕಣೇ. ನನ್ನ ಕ್ಷಮಿಸು.’